ಮರದ ಮೇಲಿನ ಹಲಗೆಯ ಸದ್ದಡಗಿಸಿದ್ದು

2021ರ ನವೆಂಬರ್ ಮೊದಲ ವಾರದ ಒಂದು ಬೆಳಗು. ಅಮೆರಿಕದ ಮಿಶಿಗನ್‌ನ ವಾಟರ್‌ಲೂ ರಿಕ್ರಿಯೇಷನ್ ಏರಿಯಾದ ಓಕ್ ಕಾಡಿನಲ್ಲಿ, ಬಿಲ್ಲು ಹಿಡಿದು ಬೇಟೆಗೆ ಕಾಯುತ್ತ, ನೆಲದಿಂದ ಹದಿನೆಂಟು ಅಡಿ ಮೇಲೆ, ಮರಕ್ಕೆ ಕಟ್ಟಿದ ಹಗ್ಗಕ್ಕೆ ಮೈಭಾರ ಬಿಟ್ಟು ನಿಂತಿದ್ದೆ. ರಾತ್ರಿಯಿಡೀ ಬಿದ್ದ ಇಬ್ಬನಿ ಹೆಪ್ಪುಗಟ್ಟಿತ್ತು. ಏಳೂವರೆಯ ಹೊತ್ತಿಗೆ ಬಿಳಿಬಾಲದ ಗಂಡು ಜಿಂಕೆಯೊಂದು ಓಕ್ ಕಾಯಿಗಳನ್ನು ಹೆಕ್ಕಿ ತಿನ್ನುತ್ತ ಇಪ್ಪತ್ತು ಗಜದೊಳಗೆ ಬಂತು. ಅದು ನನ್ನ ಬಲಕ್ಕೆ ಹಾದುಹೋಗುವ ದಾರಿಯಲ್ಲಿತ್ತು. ಬಿಲ್ಲು ಎಳೆಯಲು ಜಾಗವಾಗಲಿ ಎಂದು ಎಡಗಾಲಿನ ಭಾರವನ್ನು ಬಲಗಾಲಿಗೆ ದಾಟಿಸಿದೆ. ಕಾಲಡಿಯ ಅಲ್ಯೂಮಿನಿಯಂ ಹಲಗೆ ‘ಟಿಣ್’ ಎಂದಿತು. ದೊಡ್ಡ ಸದ್ದೇನಲ್ಲ, ಸ್ಟೀಲ್ ಲೋಟಕ್ಕೆ ಚಮಚ ತಗುಲಿದಷ್ಟು. ಜಿಂಕೆಯ ಎರಡು ಕಿವಿಗಳೂ ಒಟ್ಟಿಗೆ ನನ್ನತ್ತ ಹೊರಳಿದವು. ತಲೆಯೆತ್ತಿ ನೇರವಾಗಿ ನನ್ನ ಬೂಟುಗಳನ್ನೇ ನೋಡಿತು. ಆಮೇಲೆ ಕಂಡದ್ದು ಮರಗಳ ನಡುವೆ ಹಾರಿಹೋಗುವ ಬಿಳಿ ಬಾಲವೊಂದೇ.

ಅಂದು ಮನೆಗೆ ಬಂದವನು ಮುಂದಿನ ಒಂದು ವರ್ಷ ಆ ಹಲಗೆಯ ಹಿಂದೆ ಬಿದ್ದೆ.

ನಾನು ಹೀಗೆ ಮರದಲ್ಲಿ ಒರಗಿ ಮಾಡುವ ಬೇಟೆಗೆ ಸ್ಯಾಡಲ್ ಬೇಟೆ ಎನ್ನುತ್ತಾರೆ. ಅದು ತಿಳಿಯದವರಿಗೆ ನಮ್ಮೂರಿನಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರನ ಉದಾಹರಣೆ ಸಾಕು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಕೊನೆಗಾರ ಪಾದಕ್ಕೆ ಕುಣಿಕೆಯಂಥ ತಳೆ ಹಾಕಿಕೊಂಡು ಮರವೇರಿ, ಮಣೆಯ ಮೇಲೆ ಕೂತು, ಎರಡೂ ಕೈಗಳನ್ನು ಕೆಲಸಕ್ಕೆ ಬಿಡುವು ಮಾಡಿಕೊಳ್ಳುತ್ತಾನೆ. ನಾನು ಹುಡುಗನಾಗಿದ್ದಾಗ ಕೆಳಗೆ ಕೊನೆ ಇಳಿಸುವ ಹಗ್ಗವಾದ ನೇಣನ್ನು ಹಿಡಿದು ನಿಂತು ಅದನ್ನು ನೋಡಿದವನು. ಇಲ್ಲಿಯೂ ತತ್ವ ಅದೇ. ಸೊಂಟ ಮತ್ತು ತೊಡೆಯ ಹಿಂಭಾಗವನ್ನು ಹಿಡಿಯುವ ಅಗಲ ಪಟ್ಟಿಯ ಜೋಲಿಯೇ ಸ್ಯಾಡಲ್. ಅದರಿಂದ ಹೊರಟ ಹಗ್ಗವನ್ನು ಎದುರಿನ ಕಾಂಡಕ್ಕೆ ಬಿಗಿದು ಹಿಂದಕ್ಕೆ ಒರಗುತ್ತೇವೆ. ಪಾದಗಳಿಗೆ ಆಧಾರವಾಗಿ ಒಂದು ಪುಟ್ಟ ಪ್ಲಾಟ್‌ಫಾರ್ಮ್ ಇರುತ್ತದೆ: ನಾಲ್ಕೈದು ಪಟ್ಟಿಗಳ ಲೋಹದ ಹಲಗೆ, ಅದಕ್ಕೆ ಕೀಲಿನಿಂದ ಸೇರಿದ ಒಂದು ಕಂಬ, ಕಾಂಡವನ್ನು ಕಚ್ಚುವ ಹಲ್ಲುಗಳು, ಸುತ್ತಿ ಬಿಗಿಯುವ ಪಟ್ಟಿ. ಇಡೀ ಸಾಮಾನು ಒಂದೂವರೆ ಕಿಲೋ ಚಿಲ್ಲರೆ. ಮರಕ್ಕೆ ಮೊಳೆ ಹೊಡೆಯಬೇಕಿಲ್ಲ. ಮಿಶಿಗನ್‌ನ ಸಾರ್ವಜನಿಕ ಕಾಡುಗಳಲ್ಲಿ ತೊಗಟೆಯ ಒಳಕ್ಕಿಳಿಯುವ ಮೊಳೆ, ಸ್ಕ್ರೂ ನಿಷಿದ್ಧವೂ ಹೌದು.

ಊರಿನಲ್ಲಿ ಶಿಕಾರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿದ ಅಧ್ಯಾಯ. ಅದು ಮುಗಿದೇ ಇರಲಿ ಎನ್ನುವವನು ನಾನು. ಇಲ್ಲಿನ ಲೆಕ್ಕ ಬೇರೆ. ಸುರಕ್ಷತಾ ತರಬೇತಿ ಪಡೆದು, ಪರವಾನಗಿ ಕೊಂಡು, ಸರ್ಕಾರ ಗೊತ್ತುಮಾಡಿದ ಮಿತಿಯೊಳಗೆ ಬೇಟೆ. ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ ಬಿಲ್ಲಿನ ಹಂಗಾಮು, 15ಕ್ಕೆ ಬಂದೂಕಿನದು ಶುರು. ಬಿಲ್ಲಿನಲ್ಲಿ ಪ್ರಾಣಿ ಇಪ್ಪತ್ತು ಗಜದೊಳಗೆ ಬರಬೇಕು, ಅದೂ ನೆಮ್ಮದಿಯಿಂದ ನಿಂತಿರಬೇಕು. ಬೆದರಿದ ಪ್ರಾಣಿಗೆ ಬಾಣ ಬಿಟ್ಟರೆ ಗಾಯವಾಗಿ ನರಳುವ ಸಂಭವ ಹೆಚ್ಚು. ಹಾಗಾಗಿ ಸದ್ದಿಲ್ಲದಿರುವುದು ನನ್ನ ಲಾಭಕ್ಕೆ ಮಾತ್ರವಲ್ಲ, ಆ ಪ್ರಾಣಿಗೆ ನಾನು ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ.

ನನ್ನ ಹೊಟ್ಟೆಪಾಡೂ ಸದ್ದಿನದೇ. ಡೆಟ್ರಾಯಿಟ್ ಸುತ್ತ ಕಾರು ಉದ್ಯಮದಲ್ಲಿ ದುಡಿಯುವ ಕನ್ನಡಿಗರು ಬಹಳ ಮಂದಿ. ನಾನೂ ಅವರಲ್ಲೊಬ್ಬ, ಕಾರಿನ ಡ್ಯಾಶ್‌ಬೋರ್ಡ್ ಮತ್ತು ಬಾಗಿಲುಗಳ ಕಿರುಗುಟ್ಟುವಿಕೆಯನ್ನು ಹುಡುಕಿ ತೆಗೆಯುವ ಎಂಜಿನಿಯರ್. ಆದರೂ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಲಗೆಗೆ ಅಂಟುಪಟ್ಟಿ ಸುತ್ತಿದೆ. ಕಂಬಕ್ಕೂ ಸುತ್ತಿದೆ. ಮರಕ್ಕೆ ಕಟ್ಟಿ ಹತ್ತಿ ನಿಂತಾಗ ಸದ್ದು ಇದ್ದಂತೆಯೇ ಇತ್ತು, ಸ್ವಲ್ಪ ಮಬ್ಬಾಗಿತ್ತು ಅಷ್ಟೇ. ಕಾರಿನಲ್ಲಿ ನಾನು ಹೀಗೆಂದೂ ಮಾಡುವುದಿಲ್ಲ. ಅಲ್ಲಿ ಮೊದಲ ಪ್ರಶ್ನೆ ‘ಯಾವ ಎರಡು ಮೈಗಳು ಒಂದರ ಮೇಲೊಂದು ಚಲಿಸುತ್ತಿವೆ?’ ಎಂಬುದು. ಅದು ಗೊತ್ತಾಗದೆ ಅಂಟಿಸಿದ ಪಟ್ಟಿ ಹುಣ್ಣಿನ ಮೇಲೆ ಹೊದೆಸಿದ ಬಟ್ಟೆ. ಆ ಪಟ್ಟಿಗಳನ್ನೆಲ್ಲ ಬಿಚ್ಚಿ ಎಸೆದೆ.

ಹಿತ್ತಿಲಿನ ಮೇಪಲ್ ಮರಕ್ಕೆ ಹಲಗೆಯನ್ನು ನೆಲದಿಂದ ಎರಡೇ ಅಡಿ ಎತ್ತರದಲ್ಲಿ ಕಟ್ಟಿದೆ. ಮಗಳನ್ನು ಇಪ್ಪತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿದೆ. ನಾನು ಸ್ಯಾಡಲ್‌ನಲ್ಲಿ ಒರಗಿ, ನಿಜವಾಗಿ ಕಾಡಿನಲ್ಲಿ ಮಾಡುವ ಚಲನೆಗಳನ್ನೆಲ್ಲ ಒಂದೊಂದಾಗಿ ಮಾಡುವುದು. ಕೇಳಿಸಿದರೆ ಅವಳು ಕೈ ಎತ್ತುವುದು. ನೇರವಾಗಿ ನಿಂತಾಗ ಕೈ ಏಳಲಿಲ್ಲ. ಎಡ ಅಂಚಿಗೆ ಹೋಗಿ ಮರವನ್ನು ಬಳಸಿ ತಿರುಗಿದೆ. ಕೈ ಎದ್ದಿತು. ಇನ್ನೊಮ್ಮೆ ಮಾಡಿದೆ. ‘ಅಪ್ಪಾ, ಮೊದಲು ಟಿಕ್ ಎಂದಿತು, ಈಗ ಕಿರ್ ಎಂದಿತು. ಎರಡೂ ಬೇರೆ’ ಎಂದಳು. ವರ್ಷದ ಕೆಲಸಕ್ಕೆ ದಾರಿ ತೋರಿಸಿದ್ದು ಆ ಮಾತು. ಅಲ್ಲಿಯವರೆಗೆ ನಾನು ಅದನ್ನು ಒಂದೇ ಸದ್ದು ಎಂದುಕೊಂಡಿದ್ದೆ. ಇದ್ದದ್ದು ಮೂರು: ಕೀಲಿನ ಟಿಕ್, ಲೋಹ ಕಂಪಿಸುವ ಟಿಣ್, ಮರಕ್ಕೂ ಅದಕ್ಕೆ ಸುತ್ತಿ ಬಿಗಿದ ಪಟ್ಟಿಗೂ ನಡುವಿನ ಕಿರ್.

ಟಿಕ್ ಎಲ್ಲಿಂದ ಬರುತ್ತದೆಂದು ತಿಳಿಯಲು ಊರಿನ ಗ್ಯಾರೇಜಿನ ಉಪಾಯವೇ ಸಾಕಾಯಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಬೋಲ್ಟಿನ ತಲೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಹಲಗೆಯ ಮೇಲೆ ಭಾರ ಅಲುಗಾಡಿಸಲು ಹೆಂಡತಿಗೆ ಹೇಳಿದೆ. ಕಂಬವೂ ಹಲಗೆಯೂ ಸೇರುವ ಎಡ ಬೋಲ್ಟಿನಲ್ಲಿ ಸದ್ದು ಕಿವಿಯೊಳಗೇ ಹೊಡೆದಂತೆ ಕೇಳಿಸಿತು. ಬಲದ್ದರಲ್ಲಿ ಏನೂ ಇಲ್ಲ. ಬಿಚ್ಚಿ ನೋಡಿದರೆ ಎಡ ಕೀಲಿನ ಅಲ್ಯೂಮಿನಿಯಂ ಮೇಲೆ ಎರಡು ಉಗುರಗಲದ ಹೊಳಪು ಗುರುತು, ಸುತ್ತ ಕಪ್ಪು ಪುಡಿ. ಲೋಹ ಲೋಹವನ್ನು ತೇಯುತ್ತಿದ್ದ ಜಾಗ ಅದು.

ಆದರೆ ಆಗಸ್ಟ್‌ನ ಹಿತ್ತಿಲಿನಲ್ಲಿ ಸಣ್ಣದಾಗಿದ್ದ ಟಿಕ್, ನವೆಂಬರ್‌ನ ಕಾಡಿನಲ್ಲಿ ಅಷ್ಟು ಸ್ಪಷ್ಟವಾದದ್ದೇಕೆ? ಬೋಲ್ಟು ಉಕ್ಕಿನದು, ಕೀಲು ಅಲ್ಯೂಮಿನಿಯಂನದು. ಚಳಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ಇಪ್ಪತ್ತೆರಡು ಡಿಗ್ರಿಯ ಗ್ಯಾರೇಜಿನಲ್ಲಿ ಬಿಗಿ ಮಾಡಿದ ಕೀಲನ್ನು ಮೈನಸ್ ಆರು ಡಿಗ್ರಿಗೆ ಒಯ್ದರೆ, ನಲವತ್ತು ಮಿಲಿಮೀಟರ್ ದಪ್ಪದಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಡಿಲ ಬರುತ್ತದೆ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ ಮಡಚುವ ಕೀಲನ್ನು ಮೊದಲೇ ಗಟ್ಟಿಯಾಗಿ ಬಿಗಿಯುವಂತಿಲ್ಲ, ಇದ್ದ ಅಲ್ಪ ಬಿಗಿಯನ್ನೂ ಚಳಿ ತಿಂದುಬಿಡುತ್ತದೆ.

ಇದಕ್ಕೆ ಮದ್ದು ಇನ್ನೂ ಗಟ್ಟಿಯಾಗಿ ತಿರುಗಿಸುವುದಲ್ಲ. ಹಾಗೆ ಮಾಡಿದರೆ ಮೆದು ಲೋಹದ ಕೀಲು ಅಮುಕಿಹೋಗುತ್ತದೆ. ಲೋಹಗಳ ನಡುವೆ ತೆಳುವಾದ ನೈಲಾನ್ ವಾಷರ್‌ಗಳನ್ನು ಇಟ್ಟೆ. ನಟ್ಟಿನ ಕೆಳಗೆ ಅಲೆಯಾಕಾರದ ಸ್ಪ್ರಿಂಗ್ ವಾಷರ್ ಒಂದನ್ನು ಸೇರಿಸಿದೆ. ಚಳಿಗೆ ಕೀಲು ಕುಗ್ಗಿದಷ್ಟೂ ಅದು ಅರಳಿ ಜಾಗ ತುಂಬಿಕೊಳ್ಳುತ್ತದೆ. ಬೋಲ್ಟನ್ನು ಮಾತ್ರ ಬದಲಿಸಲಿಲ್ಲ, ಹೊಸ ತೂತು ಕೊರೆಯಲಿಲ್ಲ. ನನ್ನ ತೂಕ ಹೊರುವ ಭಾಗವನ್ನು ತಯಾರಿಸಿದವರು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ವಾಷರ್ ಸೇರಿಸಿದ ಮೇಲೂ ನಟ್ಟಿನ ಆಚೆ ಬೋಲ್ಟಿನ ಎರಡು ಎಳೆಗಳಾದರೂ ಹೊರಗೆ ಕಾಣಬೇಕು. ಕಾಣದಿದ್ದರೆ ತೆಳುವಾದ ವಾಷರ್ ಹುಡುಕಿ, ಇಲ್ಲವೇ ಆ ಕೆಲಸ ಬಿಡಿ.

ಚಳಿಯ ಪರೀಕ್ಷೆಗೆ ನವೆಂಬರ್‌ವರೆಗೆ ಕಾಯಲಿಲ್ಲ. ಮಾಂಸ ಇಡಲು ಗ್ಯಾರೇಜಿನಲ್ಲಿ ದೊಡ್ಡ ಡೀಪ್ ಫ್ರೀಜರ್ ಇದೆ. ಮೈನಸ್ ಹದಿನೆಂಟರಲ್ಲಿ ಹಲಗೆಯನ್ನು ರಾತ್ರಿಯಿಡೀ ಮಲಗಿಸಿ, ಬೆಳಿಗ್ಗೆ ಕೈಗವಸು ಹಾಕಿ ತೆಗೆದು, ಐದು ನಿಮಿಷದೊಳಗೆ ಮೇಪಲ್‌ಗೆ ಕಟ್ಟಿ ಹತ್ತುತ್ತಿದ್ದೆ. ಟಿಕ್ ಹೋಗಿತ್ತು.

ಅದೇ ಪರೀಕ್ಷೆ ಇನ್ನೊಂದು ತಪ್ಪನ್ನೂ ಹೊರಗೆಡವಿತು. ಟಿಣ್ ಎಂಬ ಕಂಪನವನ್ನು ಅಡಗಿಸಲು ಕಾರಿನ ಬಾಗಿಲಿನೊಳಗೆ ಅಂಟಿಸುವ ಬ್ಯೂಟೈಲ್ ರಬ್ಬರಿನ ಹಾಳೆಯನ್ನು ಹಲಗೆಯ ಪಟ್ಟಿಗಳ ತಳಕ್ಕೆ ಹಚ್ಚಿದ್ದೆ. ಬೇಸಿಗೆಯಲ್ಲಿ ಬೆರಳಿನಿಂದ ತಟ್ಟಿದರೆ ಮಣೆ ತಟ್ಟಿದಂತೆ ‘ದಪ್’ ಎನ್ನುತ್ತಿತ್ತು. ಫ್ರೀಜರ್‌ನಿಂದ ತೆಗೆದು ತಟ್ಟಿದರೆ ಮತ್ತೆ ಟಿಣ್. ಆ ಹಾಳೆ ಕಂಪನವನ್ನು ನುಂಗುವುದು ಮೆತ್ತಗಿರುವಾಗ ಮಾತ್ರ, ಚಳಿಗೆ ಸೆಟೆದುಕೊಂಡರೆ ಅದೂ ಲೋಹದ ಜೊತೆಗೇ ಕುಣಿಯುತ್ತದೆ. ವೃತ್ತಿಯಲ್ಲಿ ಇದನ್ನು ಅರಿತಿದ್ದೂ ಮನೆಯಲ್ಲಿ ಮರೆತಿದ್ದೆ. ಹಾಳೆಯನ್ನು ಕಿತ್ತು, ಹೊರ ಚೌಕಟ್ಟಿಗೆ ಹಾಕಿ ಆಟದ ಕೋಲಿಗೆ ಸುತ್ತುವ ಹತ್ತಿ ಬಟ್ಟೆಯ ಟೇಪನ್ನು ಒಂದರ ಮೇಲೊಂದು ಅರ್ಧ ಬರುವಂತೆ ಬಿಗಿಯಾಗಿ ಸುತ್ತಿದೆ. ಬಟ್ಟೆಯ ಎಳೆಗಳು ಒಂದನ್ನೊಂದು ತಿಕ್ಕಿಯೇ ಕಂಪನವನ್ನು ತಿನ್ನುತ್ತವೆ, ಚಳಿಯ ಹಂಗು ಅವಕ್ಕೆ ಕಡಿಮೆ. ಒಳಗಿನ ಪಟ್ಟಿಗಳಿಗೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಹೊದೆಸಿದೆ. ಬೂಟಿನ ರಬ್ಬರು ಬರಿಯ ಲೋಹದ ಮೇಲೆ ಹೆಪ್ಪಿಗೆ ಅಂಟಿ ಕೀಳುವ ಸದ್ದೂ ಇದರಿಂದ ನಿಂತಿತು. ಬೆಸುಗೆ ಹಾಕಿದ ಜಾಗಗಳ ಮೇಲೆ ಮಾತ್ರ ಏನನ್ನೂ ಸುತ್ತಬೇಡಿ. ಬಿರುಕು ಬಿಟ್ಟರೆ ಕಾಣಬೇಕು. ನಾನು ಪ್ರತಿ ಸೆಪ್ಟೆಂಬರ್‌ನಲ್ಲಿ ಟೇಪ್ ಪೂರ್ತಿ ಬಿಚ್ಚಿ, ಲೋಹವನ್ನು ನೋಡಿ, ಹೊಸದಾಗಿ ಸುತ್ತುತ್ತೇನೆ.

ಈ ಟಿಣ್‌ಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಬಾಲದ ಜಿಂಕೆಯ ಶ್ರವಣದ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಸುಮಾರು 0.25ರಿಂದ 30 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ. ಅತಿ ಚುರುಕಾಗಿ ಕೇಳಿಸುವುದು 4ರಿಂದ 8ರ ನಡುವೆ. ತೆಳು ಲೋಹ ಲೋಹಕ್ಕೆ ತಾಗಿದ ಸದ್ದಿನ ಬಹುಪಾಲು ಆ ಎತ್ತರದ ಸ್ವರಗಳ ವ್ಯಾಪ್ತಿಯಲ್ಲೇ ಇರುತ್ತದೆ. ಕಾಡಿನಲ್ಲಿ ಅಳಿಲು ತರಗೆಲೆ ಕೆದರುತ್ತದೆ, ಕೊಂಬೆ ಕೊಂಬೆಗೆ ಉಜ್ಜುತ್ತದೆ, ಕಾಯಿ ದೊಪ್ಪನೆ ಬೀಳುತ್ತದೆ. ಅದಕ್ಕೆಲ್ಲ ಜಿಂಕೆ ಮೇಯುವುದನ್ನು ನಿಲ್ಲಿಸುವುದಿಲ್ಲ. ‘ದಪ್’ ಎಂಬುದು ಕಾಡಿನ ಸದ್ದು, ‘ಟಿಣ್’ ಮನುಷ್ಯನದು.

ಉಳಿದದ್ದು ಕಿರ್. ಇದನ್ನು ಮನೆಯಲ್ಲಿ ಪೂರ್ತಿ ಸರಿಪಡಿಸಲಾಗದು, ಏಕೆಂದರೆ ಅರ್ಧ ಮರದ್ದು. ಬಾವಿಯ ರಾಟೆ ಕಿರುಗುಟ್ಟಿದರೆ ಎಣ್ಣೆ ಬಿಡುತ್ತೇವೆ. ಇಲ್ಲಿ ಎಣ್ಣೆ ಬೇಡವೇ ಬೇಡ: ಪಟ್ಟಿ ಜಾರಿದರೆ ಅಪಾಯ, ಜಿಂಕೆಯ ಮೂಗಿಗೆ ವಾಸನೆಯೂ ಸಿಗುತ್ತದೆ. ಮರವನ್ನು ಆರಿಸುವುದರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಶ್ಯಾಗ್‌ಬಾರ್ಕ್ ಹಿಕರಿ ಎಂಬ ಮರವನ್ನು ನಾನು ಹತ್ತುವುದನ್ನೇ ಬಿಟ್ಟೆ. ಅದರ ತೊಗಟೆ ಹಳೆಯ ಮನೆಯ ಸುಣ್ಣದಂತೆ ಉದ್ದುದ್ದ ಚಕ್ಕೆಯೆದ್ದಿರುತ್ತದೆ, ಹಲ್ಲು ಕಚ್ಚುವುದು ಚಕ್ಕೆಯನ್ನು, ಕಾಂಡವನ್ನಲ್ಲ. ವಯಸ್ಸಾದ ಬ್ಲ್ಯಾಕ್ ಚೆರ್ರಿಯೂ ಅಷ್ಟೇ. ರೆಡ್ ಓಕ್‌ನ ಗಟ್ಟಿ ಏಣುಗಳಲ್ಲಿ ಹಲ್ಲು ಚೆನ್ನಾಗಿ ಕೂರುತ್ತದೆ.

ಕಟ್ಟುವ ಕ್ರಮವೂ ಮುಖ್ಯ. ಹಲಗೆಯ ಮುಂಭಾಗವನ್ನು ಮೇಲಕ್ಕೆ ಎತ್ತಿ ಹಿಡಿದು ಪಟ್ಟಿಯನ್ನು ಕೈಲಾದಷ್ಟು ಎಳೆದು ಬಿಗಿಯುತ್ತೇನೆ, ಆಮೇಲೆ ಹಲಗೆಯನ್ನು ಕೆಳಕ್ಕೆ ಒತ್ತುತ್ತೇನೆ. ಆಗ ಕಂಬ ಸನ್ನೆಗೋಲಿನಂತೆ ಕೆಲಸ ಮಾಡಿ ಪಟ್ಟಿ ತಂತಿಯಂತೆ ಬಿಗಿಯುತ್ತದೆ. ಪಟ್ಟಿಯ ಬಾಲವನ್ನು ಗಾಳಿಗೆ ಬಡಿಯದಂತೆ ಸುತ್ತಿ ಸಿಕ್ಕಿಸುತ್ತೇನೆ. ಹಗ್ಗದಲ್ಲಿ ಸುರಕ್ಷಿತವಾಗಿ ನೇತಾಡುತ್ತಿರುವಾಗಲೇ ಮೊದಲು ಎಡ ಅಂಚಿಗೆ, ಆಮೇಲೆ ಬಲ ಅಂಚಿಗೆ ಪೂರ್ತಿ ತೂಕ ಬಿಟ್ಟು ನಾಲ್ಕಾರು ಸಲ ಕುಕ್ಕುತ್ತೇನೆ. ಆಗ ಕಿರ್ ಎನ್ನುತ್ತದೆ, ಎನ್ನಲಿ. ಹಲ್ಲು ತನ್ನ ಜಾಗ ಹುಡುಕಿಕೊಳ್ಳುವ ಸದ್ದದು. ಪಟ್ಟಿ ಆಗ ಒಂದಿಷ್ಟು ಸಡಿಲವಾಗಿರುತ್ತದೆ, ಮತ್ತೊಮ್ಮೆ ಬಿಗಿಯಬೇಕು. ಇಷ್ಟನ್ನೂ ಬೆಳಕು ಹರಿಯಲು ಒಂದು ಗಂಟೆ ಇರುವಾಗಲೇ ಮುಗಿಸುತ್ತೇನೆ, ಗಾಳಿ ಬೀಸಿದಾಗ ಕುಕ್ಕಿ, ನಿಂತಾಗ ಸುಮ್ಮನಿರುತ್ತೇನೆ. ಮೊದಲ ವರ್ಷ ಈ ಎರಡನೇ ಬಿಗಿತವನ್ನು ನಾನು ಮಾಡುತ್ತಲೇ ಇರಲಿಲ್ಲ.

ಹೊತ್ತು ನಡೆಯುವಾಗಿನ ಸದ್ದಿಗೆ ಹೆಚ್ಚು ಹೇಳುವಂಥದ್ದಿಲ್ಲ. ಹಲಗೆಗೂ ಮರ ಹತ್ತಲು ಬಳಸುವ ಏಣಿಕೋಲುಗಳಿಗೂ ನಡುವೆ ಒಂದು ಹಳೆಯ ಟವೆಲ್ ಮಡಿಸಿಟ್ಟು ಚೀಲಕ್ಕೆ ಬಿಗಿಯುತ್ತೇನೆ.

ರಬ್ಬರ್ ಮತ್ತು ಟೇಪಿನ ವಾಸನೆ ಹೋಗಲು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಮೂರು ವಾರ ಹೊರಗೆ ನೇತುಹಾಕಿದೆ. 2022ರ ನವೆಂಬರ್‌ನಲ್ಲಿ ಅದೇ ಓಕ್ ಗುಂಪಿಗೆ ಹಿಂತಿರುಗಿದೆ. ದೂರದ ಜೌಗಿನಲ್ಲಿ ಸ್ಯಾಂಡ್‌ಹಿಲ್ ಕೊಕ್ಕರೆಗಳು ಕೂಗುತ್ತಿದ್ದವು. ಎಂಟು ಗಂಟೆಯ ಸುಮಾರಿಗೆ ಹೆಣ್ಣು ಜಿಂಕೆಯೊಂದು ಎಡಗಡೆಯಿಂದ ಬಂದು ನನ್ನ ಮರದ ಬುಡಕ್ಕೇ ನಿಂತಿತು. ಬೆನ್ನಿನ ಮೇಲೆ ಇಬ್ಬನಿಯ ಹನಿಗಳು ಕಾಣುವಷ್ಟು ಹತ್ತಿರ. ಮರದ ಆಚೆ ಬದಿಗೆ ತಿರುಗಬೇಕಿತ್ತು. ಬಲ ಅಂಚಿಗೆ ಕಾಲಿಟ್ಟೆ, ಉಸಿರು ಹಿಡಿದು ಪೂರ್ತಿ ಭಾರ ಬಿಟ್ಟೆ. ಅದು ತಲೆ ತಗ್ಗಿಸಿ ಓಕ್ ಕಾಯಿಯನ್ನು ಕಡಿಯಿತು. ಸಿಪ್ಪೆ ಒಡೆಯುವ ಸದ್ದು ಹದಿನೆಂಟು ಅಡಿ ಮೇಲೆ ನನಗೆ ಕೇಳಿಸಿತು.