ಇಪ್ಪತ್ತನಾಲ್ಕು ಜನಕ್ಕೆ ಒಂದು ಪ್ರವಾಸೋದ್ಯಮ ಯೋಜನೆ

ದಿನಕ್ಕೆ ಇಪ್ಪತ್ತನಾಲ್ಕೇ ಜನರನ್ನು ಕರೆಸಿ, ಊರಿನ ನೀರಿನ ಸುರಂಗ ತೋರಿಸಿ, ಮನೆಯಲ್ಲಿ ಊಟ ಹಾಕುವುದು. ಗ್ರಾಮಸಭೆಯಲ್ಲಿ ನಾನು ಈ ಲೆಕ್ಕ ಹೇಳಿದಾಗ ಪಕ್ಕದ ಮನೆಯ ಭಾವ ಎದ್ದು ನಿಂತು, “ಮಾರಾಯಾ, ಇಪ್ಪತ್ತನಾಲ್ಕು ಜನಕ್ಕೆ ಯಾರಾದರೂ ಯೋಜನೆ ಮಾಡ್ತಾರಾ? ಬೇಕಲಕ್ಕೆ ಹೋಗಿ ನೋಡು, ಒಂದು ಬಸ್ಸಿನಲ್ಲೇ ಐವತ್ತು ಜನ ಇಳೀತಾರೆ” ಎಂದಿದ್ದರು. ಈಗ ಶನಿವಾರದ ಊಟ ಅವರ ಮನೆಯ ಜಗಲಿಯಲ್ಲೇ ಆಗುತ್ತದೆ. ನಾಲ್ಕು ವರ್ಷ ಹಿಡಿಯಿತು, ಆದರೆ ಆಯಿತು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಒಳಗೆ, ಅಡಿಕೆ ತೋಟದ ಊರು. 1992ರಲ್ಲಿ ಕಡಲ ಬದಿಯ ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶ ಎಂದು ಘೋಷಿಸಿದರು, 1995ರಲ್ಲಿ ಅದಕ್ಕೇ ಒಂದು ನಿಗಮ ಬಂತು. ಅಂದಿನಿಂದ ಕಾಸರಗೋಡಿನ ಪ್ರವಾಸೋದ್ಯಮ ಅಂದರೆ ಎಲ್ಲರ ಕಣ್ಣೂ ಕಡಲ ಕಡೆಗೆ. ಬಂದವರು ಬೇಕಲದಲ್ಲಿ ಶಿವಪ್ಪ ನಾಯಕನ ಕೋಟೆ ನೋಡುತ್ತಾರೆ, ಅನಂತಪುರದ ಕೆರೆ ದೇವಸ್ಥಾನಕ್ಕೆ ಒಂದು ಸುತ್ತು ಬರುತ್ತಾರೆ, ಸಂಜೆ ಮಂಗಳೂರಿನ ರೈಲು ಹತ್ತುತ್ತಾರೆ. ಗುಡ್ಡೆ ಕಡೆಗೆ ಅವರು ಬರುವ ದಾರಿಯನ್ನು ನಾವೇ ಮಾಡಬೇಕಿತ್ತು.

ಮೊದಲ ವರ್ಷ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆವು. ಗುಡ್ಡೆಯ ಮೇಲೆ ಮಳೆನೀರು ನಿಲ್ಲುವ ಪಳ್ಳದ ಹತ್ತಿರ ಮುರಕಲ್ಲಿನ ಬೆಂಚು, ಒಂದು ಕಮಾನು, ಬೋರ್ಡು. ಸೊಸೈಟಿಯಲ್ಲಿ ಸಾಲ ಮಾಡಿ ಹತ್ತಿರ ಹತ್ತಿರ ಒಂದು ಲಕ್ಷದ ಎಂಬತ್ತು ಸಾವಿರ ಹಾಕಿದ್ದೆವು. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಇನ್ನೂರು ಜನವಾದರೂ ಬಂದಿರಬೇಕು, ಹೆಚ್ಚಿನವರು ಬೈಕಿನಲ್ಲಿ. ಫೋಟೋ ತೆಗೆದರು, ಹೋದರು. ದನ ನೀರು ಕುಡಿಯುವ ಪಳ್ಳದಿಂದ ಮರುದಿನ ಮೂರು ಗೋಣಿ ಬಾಟಲಿ ಹೆಕ್ಕಿದೆವು. ಊರಿಗೆ ಉಳಿದದ್ದು ಚಹಾದಂಗಡಿಯ ನಾಲ್ಕೈದು ನೂರು ರೂಪಾಯಿ. ಆ ಸಾಲ ತೀರಿಸಲು ನನಗೆ ಎರಡು ಅಡಿಕೆ ಕೊಯ್ಲು ಬೇಕಾಯಿತು.

ಆಮೇಲೆ ನಾನು ತಲೆಕೆಳಗಿನಿಂದ ಲೆಕ್ಕ ಹಾಕಿದೆ. ನಮ್ಮಲ್ಲಿ ಬೇರೆಲ್ಲೂ ಸುಲಭಕ್ಕೆ ನೋಡಸಿಗದ ವಸ್ತು ಅಂದರೆ ಸುರಂಗ. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದು, ಜಿನುಗುವ ನೀರನ್ನು ಅಡಿಕೆ ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ಕೊಳವೆಯಲ್ಲಿ, ಹೊರಗಿನ ಮಣ್ಣಿನ ತೊಟ್ಟಿಗೆ ತರುವ ಕೆಲಸ. ಒಳಗೆ ಒಬ್ಬರ ಹಿಂದೆ ಒಬ್ಬರೇ ನಡೆಯಬೇಕು. ಒಂದು ಸಲಕ್ಕೆ ನಾಲ್ಕು ಜನ, ಹದಿನೈದು ನಿಮಿಷ. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಗೆ ಆರು ತಂಡ. ಇಪ್ಪತ್ತನಾಲ್ಕು. ಊರಿನ ಅತಿ ಇಕ್ಕಟ್ಟಾದ ಜಾಗ ಎಷ್ಟು ಜನರನ್ನು ತಾಳುತ್ತದೋ ಇಡೀ ಯೋಜನೆಯೂ ಅಷ್ಟೇ. ಜೀಪು ಎಷ್ಟು, ಪಾಯಿಖಾನೆ ಎಷ್ಟು, ಅಕ್ಕಿ ಎಷ್ಟು ಎಂಬುದೆಲ್ಲ ಅದರಿಂದಲೇ ಇಳಿದು ಬಂತು. ನಾಲ್ಕು ಮನೆಯಲ್ಲಿ ಆರಾರು ಎಲೆ. ಕಟ್ಟಿಸಿದ್ದು ಎರಡು ಪಾಯಿಖಾನೆ ಮಾತ್ರ, ಎಪ್ಪತ್ತು ಸಾವಿರದ ಒಳಗೆ ಮುಗಿಯಿತು.

ಸುರಂಗ ತೋಡುವವರು ಹಿಂದಿನಿಂದಲೂ ಒಳಗೆ ದೀಪ ಹಿಡಿದೇ ಹೋಗುವವರು. ದೀಪ ಸಣ್ಣದಾದರೆ ಗಾಳಿ ಸಾಲದು, ಹೊರಗೆ ಬರಬೇಕು. ನಾವೂ ಪ್ರತಿ ತಂಡಕ್ಕೆ ಮೊದಲು ದೀಪ ಕಳಿಸುತ್ತೇವೆ. ಇಂಥ ಕಡೆ ಹೆದರುವವರನ್ನು ನಾಲ್ವರಲ್ಲಿ ಎಷ್ಟನೆಯವರಾಗಿ ನಿಲ್ಲಿಸಬೇಕು, ಮೊದಲ ಹತ್ತು ಹೆಜ್ಜೆಯಲ್ಲಿ ಅವರಿಗೆ ಏನು ಹೇಳಬೇಕು ಎಂಬುದನ್ನು ಕಲಿಯಲು ಒಂದು ವರ್ಷ ಹೋಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಜನರನ್ನು ಇತ್ತ ಕರೆತರಲು ಬೇಕಲದ ಟ್ಯಾಕ್ಸಿಯವರನ್ನು ಒಪ್ಪಿಸಿದ ಬಗೆಯೂ ನಮ್ಮಲ್ಲೇ ಇರಲಿ.

ದರ ತಲೆಗೆ 650. ಊಟದ ಮನೆಗೆ 220, ಜೀಪಿಗೆ 120, ಜೊತೆ ಹೋಗುವ ಹುಡುಗರಿಗೆ 100, ಸುರಂಗದ ಯಜಮಾನರಿಗೆ 60, ತೋಡಿಗೆ ಅಡ್ಡ ಹಾಕುವ ನೀರಿನ ಕಟ್ಟದ ನಿಧಿಗೆ 50. ಉಳಿದದ್ದು ಶುಚಿ, ವಿಮೆ, ಲೆಕ್ಕದ ಪುಸ್ತಕ ಅಂತ. ಜಗಳ ಆದದ್ದೆಲ್ಲ ಈ ಹಂಚಿಕೆಯ ಮೇಲೆಯೇ. ದುಡ್ಡು ಅದೇ ಸಂಜೆ, ಎಲ್ಲರ ಎದುರಿಗೆ ಎಣಿಸಿ ಕೊಡುವುದು ಶುರುವಾದ ಮೇಲೆ ಜಗಳ ನಿಂತಿತು. ಕಳೆದ ಹಂಗಾಮಿನಲ್ಲಿ ಅಕ್ಟೋಬರಿನಿಂದ ಫೆಬ್ರವರಿವರೆಗೆ ಶನಿವಾರ ಭಾನುವಾರ ಮಾತ್ರ ನಡೆಸಿದೆವು. ಸುಮಾರು ನಲವತ್ತು ದಿನ, ಆರುನೂರು ಜನ. ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆ ಬಂತು. ಇದರಲ್ಲಿ ಊರಿನ ಹೊರಗೆ ಹೋದದ್ದು ಡೀಸೆಲಿನ, ವಿಮೆಯ ದುಡ್ಡು ಬಿಟ್ಟರೆ ಬಹಳ ಕಡಿಮೆ. ದೊಡ್ಡ ದೊಡ್ಡ ಯೋಜನೆಯವರು ಈ ಒಂದು ಲೆಕ್ಕವನ್ನು ತೋರಿಸಲಿ ಎಂದು ನನಗೆ ಆಸೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಸೀಮೆ ಎಂದು ಅರ್ಧ ಗಂಟೆಯ ತಾಳಮದ್ದಳೆ ಇಟ್ಟೆವು. ಕನ್ನಡ ಬಾರದವರಿಗೆ ಅರ್ಥ ಸಾಗಲಿಲ್ಲ, ಚೆಂಡೆ ಮಾತ್ರ ಹಿಡಿಸಿತು. ಡಿಸೆಂಬರಿನಲ್ಲಿ ತೋಡಿಗೆ ಕಟ್ಟ ಕಟ್ಟುವ ದಿನ ಬಂದವರನ್ನೂ ಕಲ್ಲು ಮಣ್ಣು ಹೊರಲು ಕರೆದೆವು. ಅದು ಅಷ್ಟು ಚೆನ್ನಾಗಿ ಹೋಯಿತೆಂದರೆ ಬೆಂಗಳೂರಿನ ಒಂದು ಕುಟುಂಬ ಮರುವರ್ಷ ಕಟ್ಟದ ದಿನವನ್ನೇ ಕೇಳಿಕೊಂಡು ಬಂತು. ಭೂತದ ಕೋಲವನ್ನು ಪ್ಯಾಕೇಜಿಗೆ ಸೇರಿಸಿ ಎಂದು ಒಬ್ಬ ಏಜೆಂಟ್ ಒಳ್ಳೆಯ ದುಡ್ಡು ಹೇಳಿದ್ದ. ಅದು ಮಾರುವ ವಸ್ತು ಅಲ್ಲ ಎಂದು ಕಳಿಸಿದೆ. ಕೋಲದ ದಿನ ಊರಲ್ಲಿದ್ದವರು ಬಂದು ಕೈಮುಗಿದು ಹೋಗಲಿ, ಅದಕ್ಕೆ ಟಿಕೇಟು ಬೇಡ.

ಎರಡು ಮನೆಯವರು ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ವರ್ಗೀಕರಣಕ್ಕೂ ಅರ್ಜಿ ಹಾಕಿದರು. ಕೋಣೆ ಆರಕ್ಕಿಂತ ಹೆಚ್ಚಿರಬಾರದು, ಮನೆಯವರು ಅಲ್ಲೇ ವಾಸ ಇರಬೇಕು, ಎರಡೂ ನಮಗೆ ಸರಿಯೇ. ಕಷ್ಟವಾದದ್ದು ಮಲಯಾಳದ ಕಾಗದ ಪತ್ರ. ಅಕ್ಷರ ಕಲಿತದ್ದೇ ಕನ್ನಡದಲ್ಲಿ ಆದ ಅತ್ತೆಯಂದಿರಿಗೆ ಕೇರಳದ ಹೆಂಗಸರ ಸ್ವಸಹಾಯ ಗುಂಪುಗಳ ಕುಟುಂಬಶ್ರೀಯ ಒಬ್ಬ ಹುಡುಗಿ ಸಾಲುಸಾಲು ಓದಿ ಹೇಳಿ, ಸಹಿ ಹಾಕಿಸಿದಳು. ಗಡಿನಾಡಿನಲ್ಲಿ ಪ್ರವಾಸೋದ್ಯಮದ ನೀತಿ ಮಾಡುವವರು ಮೊದಲು ಆ ಅರ್ಜಿಗಳನ್ನು ಕನ್ನಡದಲ್ಲಿ ಮುದ್ರಿಸಲಿ, ಕಮಾನು ಆಮೇಲೆ ಕಟ್ಟಲಿ.

ಎರಡನೆಯ ಸುರಂಗ ತೆರೆದರೆ ಸಂಖ್ಯೆ ನಲವತ್ತೆಂಟು ಮಾಡಬಹುದು ಎಂದು ಈಗ ಆ ಪಕ್ಕದ ಮನೆಯ ಭಾವನೇ ಹೇಳುತ್ತಿದ್ದಾರೆ. ಅದು ಅವರ ಮನೆಗೆ ಕುಡಿಯುವ ನೀರು ಕೊಡುವ ಸುರಂಗ. ಮಾರ್ಚಿಯಿಂದ ಮೇ ತನಕ ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕೆಂದು ದಿನಾ ಬರೆದಿಡಿ ಎಂದು ಅವರಿಗೆ ನೋಟುಪುಸ್ತಕ ಕೊಟ್ಟಿದ್ದೇನೆ.