ದೋಣಿ ಎಂಜಿನ್ ಕೆಮ್ಮಿದರೆ ಕಾರ್ಬುರೇಟರ್ ಕೊನೆಗೆ

ಕಾಸರಗೋಡಿನ ಕುಂಬಳೆ, ಶಿರಿಯ ಕಡೆಯ ಸಣ್ಣ ದೋಣಿಗಳಿಗೆ ಹಿಂಬದಿಗೆ ಕಟ್ಟುವ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಗೊತ್ತಲ್ವಾ? ಪೆಟ್ರೋಲಿನಲ್ಲಿ ಸ್ಟಾರ್ಟ್, ಬಿಸಿಯಾದ ಮೇಲೆ ಸೀಮೆಎಣ್ಣೆ. ನನ್ನದೂ ಅದೇ. ಅದು ಕೆಮ್ಮಿ ನಿಂತರೆ ದಡದಲ್ಲಿರುವವರದ್ದೆಲ್ಲ ಒಂದೇ ಮಾತು, "ಕಾರ್ಬುರೇಟರ್ ಬಿಚ್ಚು ಮಾರಾಯ." ಗಾಳಿಗೆ ಇಂಧನ ಬೆರೆಸಿ ಎಂಜಿನ್ನಿಗೆ ಕೊಡುವ ಆ ಭಾಗವನ್ನು ನಾನು ಅಷ್ಟು ಬೇಗ ಬಿಚ್ಚುವುದಿಲ್ಲ.

ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಎಂಜಿನ್ ನಿಂತರೆ ಮೊದಲು ಲಂಗರು. ಬೀಡಿ ಇದ್ದವರು ಆರಿಸಬೇಕು. ಎಂಜಿನ್ ಆಮೇಲೆ.

ನಿಂತ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ. ತಟ್ಟನೆ ನಿಂತರೆ ಹೆಚ್ಚಾಗಿ ಕಿಡಿ ಹೊಡೆಯುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಅಥವಾ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್. ಏರುತ್ತಾ ಇಳಿಯುತ್ತಾ ಸೊರಗಿ ನಿಂತರೆ ಎಣ್ಣೆಯ, ಅಂದರೆ ಇಂಧನದ ತಾಪತ್ರಯ. ಪ್ಲಗ್ ಬಿಚ್ಚಿದರೆ ಇನ್ನೂ ಸ್ಪಷ್ಟ. ಒಣಗಿದ್ದರೆ ಎಣ್ಣೆ ಒಳಗೆ ಬರುತ್ತಿಲ್ಲ. ಒದ್ದೆಯಿದ್ದರೆ ಬಂದಿದೆ, ಉರಿದಿಲ್ಲ.

ಎರಡು ಎಣ್ಣೆಯ ಎಂಜಿನ್ನಿನಲ್ಲಿ ಒಂದು ಅನುಕೂಲ ಇದೆ, ಯಾಕೋ ಯಾರೂ ಅದನ್ನು ಬಳಸುವುದಿಲ್ಲ. ಎಂಜಿನ್ ಬಿಸಿಯಿರುವಾಗಲೇ ಸೊರಗಲು ಶುರುವಾದರೆ ಎಣ್ಣೆ ಬದಲಿಸುವ ಕಾಕನ್ನು ಪೆಟ್ರೋಲಿಗೆ ತಿರುಗಿಸಿ. ಸರಿಯಾಗಿ ಓಡಿತೋ, ತೊಂದರೆ ಸೀಮೆಎಣ್ಣೆಯ ಟ್ಯಾಂಕು, ಪೈಪು ಅಥವಾ ಎಣ್ಣೆಯಲ್ಲೇ ಇರಬೇಕು. ಎರಡರಲ್ಲೂ ಅದೇ ಗೋಳಾದರೆ ಆಗ ಎಣ್ಣೆ ತಳ್ಳುವ ಪಂಪು, ಕಾರ್ಬುರೇಟರ್ ಕಡೆ ನೋಡಬೇಕು.

ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಮುಚ್ಚಿದ್ದರೆ ಎಂಜಿನ್ ಸ್ವಲ್ಪ ದೂರ ಚೆನ್ನಾಗಿ ಹೋಗಿ ನಿಲ್ಲುತ್ತದೆ. ಮುಚ್ಚಳ ತೆರೆದರೆ ಗಾಳಿ ಒಳಗೆ ಎಳೆಯುವ ಸದ್ದು ಕೇಳುತ್ತದೆ. ಇಷ್ಟಕ್ಕೇ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟವರಿದ್ದಾರೆ.

ಆಮೇಲೆ ಪೈಪಿನ ಮಧ್ಯದ ರಬ್ಬರ್ ಬಲ್ಬು. ಎಂಜಿನ್ ಓಡುವಾಗ ಅದು ಚಪ್ಪಟೆಯಾದರೆ ಟ್ಯಾಂಕಿನ ಕಡೆ ಎಲ್ಲೋ ಕಟ್ಟಿದೆ. ಎಷ್ಟು ಅಮುಕಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಕಾರ್ಬುರೇಟರಿಗೆ ಎಣ್ಣೆ ಬರುವುದನ್ನು ತಡೆಯುವ ಸೂಜಿ ಸರಿಯಾಗಿ ಕೂರದೆ ಎಣ್ಣೆ ಉಕ್ಕುತ್ತಿದೆ. ಸೊರಗುವಾಗ ಕೈಯಿಂದ ಅಮುಕಿದರೆ ಚೇತರಿಸಿಕೊಳ್ಳುತ್ತದಾ? ಹಾಗಾದರೆ ಪಂಪಿನ ತೆಳು ಡಯಾಫ್ರಾಮ್ ಸೀಳಿದೆಯಾ ನೋಡಿ.

ನಮ್ಮ ಕರಾವಳಿಯಲ್ಲಿ ನೀರಿನ ಕಾಟ ಜಾಸ್ತಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲನ್ನೂ ಕರೆದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಪೈಪು ಹೀರುವುದೂ ತಳದಿಂದಲೇ! ಸೀಮೆಎಣ್ಣೆಯಲ್ಲೂ ನೀರು ತಳದಲ್ಲೇ ನಿಲ್ಲುತ್ತದೆ. ಹಾಗಾಗಿ ಕಾರ್ಬುರೇಟರಿನಲ್ಲಿ ಎಣ್ಣೆ ನಿಲ್ಲುವ ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಕೊಂಚ ಹೊತ್ತು ಬಿಡುತ್ತೇನೆ. ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕನ್ನೇ ಖಾಲಿ ಮಾಡುವುದು. ಬೌಲ್ ಮಾತ್ರ ತೊಳೆದರೆ ನಾಳೆ ಮತ್ತೆ ಅದೇ ಕಥೆ.

ಇಷ್ಟೂ ಸರಿಯಿದ್ದರೆ ಕಾರ್ಬುರೇಟರ್. ಅದರೊಳಗೆ ಎಣ್ಣೆ ಅಳೆದು ಬಿಡುವ ಸಣ್ಣ ತೂತಿನ ತುಂಡೇ ಜೆಟ್. ಜೋರಾಗಿ ಓಡಿ, ಆಕ್ಸಿಲರೇಟರ್ ಬಿಟ್ಟ ನಿಧಾನದ ಓಟದಲ್ಲಿ, ಅಂದರೆ ಐಡಲ್‌ನಲ್ಲಿ ಸಾಯುವುದು ಪೈಲಟ್ ಜೆಟ್ ಕಟ್ಟಿದ ಲಕ್ಷಣ. ಐಡಲ್‌ನಲ್ಲಿ ಸರಿಯಾಗಿ ಓಡಿ ಆಕ್ಸಿಲರೇಟರ್ ಕೊಟ್ಟರೆ ಸಾಯುವುದು ಮೈನ್ ಜೆಟ್ಟಿನದ್ದು. ಗಾಳಿ ತಗ್ಗಿಸುವ ಚೋಕ್ ಎಳೆದರೆ ಸುಧಾರಿಸುತ್ತದೆ ಎಂದರೆ ಎಣ್ಣೆ ಸಾಲುತ್ತಿಲ್ಲ. ಬೌಲಿನಲ್ಲಿ ಉಪ್ಪುನೀರು ನಿಂತಿದ್ದರೆ ಬಿಳಿ ಪುಡಿ ಕೂತಿರುತ್ತದೆ. ಜೆಟ್ ಹಿತ್ತಾಳೆಯದ್ದು, ಸೂಜಿ ಅಥವಾ ತಂತಿ ತೂರಿಸಿದರೆ ತೂತು ದೊಡ್ಡದಾಗುತ್ತದೆ. ನಾನು ಕ್ಲೀನರ್ ಸ್ಪ್ರೇ ಹೊಡೆದು, ಬಲೆಯ ಸಪೂರ ತಂಗೂಸಿ (ನೈಲಾನ್ ದಾರ) ತೂರಿಸಿ, ಮತ್ತೆ ಗಾಳಿ ಹೊಡೆಯುತ್ತೇನೆ. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು.

ದಡಕ್ಕೆ ಬರುವಾಗ ಸ್ವಲ್ಪ ಮುಂಚೆಯೇ ಕಾಕನ್ನು ಪೆಟ್ರೋಲಿಗೆ ತಿರುಗಿಸುತ್ತೇನೆ. ಬೌಲಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣಗಿನ ಎಂಜಿನ್ ಹಗ್ಗ ಎಳೆದೆಳೆದು ಕೈ ಸೋತರೂ ಏಳುವುದಿಲ್ಲ. ಕೇರಳದಲ್ಲಿ ಮಳೆಗಾಲದ 52 ದಿನದ ನಿಷೇಧ ಟ್ರಾಲಿಂಗ್ ಬೋಟುಗಳಿಗೆ ಮಾತ್ರ, ಆದರೆ ಅಲೆ ನೋಡಿದರೆ ಸಣ್ಣ ದೋಣಿಯೂ ಎಷ್ಟೋ ದಿನ ದಡದ ಮೇಲೆಯೇ. ಆಗ ಬೌಲ್ ಪೂರ್ತಿ ಖಾಲಿ ಮಾಡಿ ಇಡುತ್ತೇನೆ. ಟೂ ಸ್ಟ್ರೋಕ್ ಎಂಜಿನ್ನಿಗೆಂದು ಆಯಿಲ್ ಬೆರೆಸದ ಪೆಟ್ರೋಲ್ ಉಳಿದಿದ್ದರೆ ಬೈಕಿಗೆ ಹಾಕಿ ಖರ್ಚು ಮಾಡುತ್ತೇನೆ.