ಕುಟುಂಬದ ಮೊದಲ ಪಾಪ್-ಅಪ್ ಕ್ಯಾಂಪರ್: ಕೊಳ್ಳುವ ಮುನ್ನ ನೀವೇ ಬಿಚ್ಚಿ, ನೀವೇ ಮಡಚಿ

ಪಾಪ್-ಅಪ್ ಕ್ಯಾಂಪರ್ ಎಂದರೆ ಕಾರಿನ ಹಿಂದೆ ತಗ್ಗಾದ ಪೆಟ್ಟಿಗೆಯಂತೆ ಸಾಗಿ, ಬೀಡುಬಿಡುವ ಜಾಗ ಸೇರಿದ ಮೇಲೆ ಚಾವಣಿ ಮೇಲೆದ್ದು, ಎರಡೂ ತುದಿಗಳಿಂದ ಹಾಸಿಗೆಗಳು ಹೊರಕ್ಕೆ ಜಾರಿ, ಕ್ಯಾನ್ವಾಸ್ ಗೋಡೆಗಳ ಪುಟ್ಟ ಮನೆಯಾಗಿ ನಿಲ್ಲುವ ಟ್ರೇಲರ್. ನೆಲದ ಮೇಲೆ ಡೇರೆ ಹಾಕಿ ಮಲಗುವ ಚಳಿ, ತೇವಗಳಿಂದ ಬೇಸತ್ತಿದ್ದರೂ ದೊಡ್ಡ ಕ್ಯಾರವಾನ್ ಎಳೆಯಬಲ್ಲ ಕಾರಾಗಲಿ, ಅದನ್ನು ನಿಲ್ಲಿಸುವ ಜಾಗವಾಗಲಿ ಇಲ್ಲದ ಕುಟುಂಬಗಳಿಗೆ ಇದು ನಡುವಿನ ದಾರಿ. ಮೊದಲ ಸಲ ಕೊಳ್ಳುವವರು ಎಷ್ಟು ಜನ ಮಲಗಬಹುದು, ಒಲೆಗೆ ಎಷ್ಟು ಬರ್ನರ್, ಫ್ರಿಜ್ ಇದೆಯೇ ಎಂದು ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ಎರಡು ವರ್ಷದ ನಂತರ ಆ ಗಾಡಿ ಬಳಕೆಯಲ್ಲಿರುತ್ತದೆಯೋ ಮೂಲೆ ಸೇರಿರುತ್ತದೆಯೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಬೇರೆ ಎರಡಿವೆ: ಸಾಮಾನು ತುಂಬಿದ ಮೇಲೆ ಅದರ ತೂಕವೆಷ್ಟು, ಮತ್ತು ಅದನ್ನು ಬಿಚ್ಚಿ ಮಡಚುವ ಕೆಲಸ ನಿಮ್ಮ ಮನೆಯವರ ಕೈಗೆ ಒಗ್ಗುತ್ತದೆಯೇ.

ಮೊದಲು ತೂಕ. ಮಾರಾಟದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಖಾಲಿ ಗಾಡಿಯ ತೂಕ. ಅದರಲ್ಲಿ ನೀರು, ಗ್ಯಾಸು, ಅನೇಕ ವೇಳೆ ಬ್ಯಾಟರಿ ಮತ್ತು ಆಮೇಲೆ ಜೋಡಿಸಿದ ಎ.ಸಿ. ಕೂಡ ಸೇರಿರುವುದಿಲ್ಲ. ನೀವು ನೋಡಬೇಕಾದದ್ದು ಗಾಡಿಯ ಮೈಮೇಲೆ ಅಂಟಿಸಿರುವ ಫಲಕದಲ್ಲಿನ ಗರಿಷ್ಠ ಒಟ್ಟು ತೂಕ. ಒಂದು ಲೆಕ್ಕ ಹಾಕಿ ನೋಡೋಣ. ಖಾಲಿ ತೂಕ 900 ಕಿಲೋ, ಗರಿಷ್ಠ ಮಿತಿ 1,250 ಕಿಲೋ ಇದೆಯೆನ್ನಿ. ತುಂಬಲು ಸಿಗುವುದು 350 ಕಿಲೋ. 60 ಲೀಟರ್ ತೊಟ್ಟಿಯ ನೀರಿಗೆ 60 ಕಿಲೋ, ತುಂಬಿದ ಗ್ಯಾಸ್ ಸಿಲಿಂಡರಿಗೆ ಸುಮಾರು 17, ಸೀಸ-ಆಮ್ಲದ ಬ್ಯಾಟರಿಗೆ 25ರ ಆಸುಪಾಸು, ಚಾವಣಿಯ ಎ.ಸಿ.ಗೆ 40 ಎಂದು ಹಿಡಿದರೆ 142 ಕಿಲೋ ಅಲ್ಲಿಗೇ ಮುಗಿಯಿತು. ಉಳಿದ ಇನ್ನೂರೆಂಟರಲ್ಲಿ ನಾಲ್ವರ ಹೊದಿಕೆ, ಬಟ್ಟೆ, ಕುರ್ಚಿ, ಮೇಜು, ಪಾತ್ರೆ, ಆಹಾರ, ಮಕ್ಕಳ ಆಟದ ಸಾಮಾನು ಎಲ್ಲವೂ ಅಡಕವಾಗಬೇಕು. ಮೇಲೆ ಸೈಕಲ್‌ಗಳೂ ಬೇಕೆಂದರೆ ಮತ್ತೊಂದು ಐವತ್ತು ಕಿಲೋ ಹೋಯಿತು. 350 ಕಿಲೋ ಕೇಳಲು ದೊಡ್ಡದಾಗಿ ಕಂಡರೂ ಸಂಸಾರದ ಮುಂದೆ ಅದು ಚಿಕ್ಕದೇ.

ಇನ್ನು ಎಳೆಯುವ ಕಾರಿನ ಕಡೆ ಬರೋಣ. ಕಾರಿನ ಕೈಪಿಡಿಯಲ್ಲಿರುವ ಎಳೆಯುವ ಸಾಮರ್ಥ್ಯ, ಹಿಚ್‌ನ, ಅಂದರೆ ಟ್ರೇಲರನ್ನು ಕಾರಿಗೆ ಜೋಡಿಸುವ ಕೊಂಡಿಯ ಸಾಮರ್ಥ್ಯ, ಹಿಚ್ ಗುಂಡಿನ ಸಾಮರ್ಥ್ಯ ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಅದನ್ನು ಗಾಡಿಯ ಖಾಲಿ ತೂಕದೊಂದಿಗಲ್ಲ, ಗರಿಷ್ಠ ತೂಕದೊಂದಿಗೆ ಹೋಲಿಸಬೇಕು. ಹೋಲಿಸಿದ ಮೇಲೆ ಶೇಕಡಾ 15–20ರಷ್ಟಾದರೂ ಉಳಿಕೆ ಇರಲಿ ಎಂಬುದು ನನ್ನ ಅಭಿಪ್ರಾಯ. ಗುಡ್ಡ ಹತ್ತುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಆ ಉಳಿಕೆಯ ಬೆಲೆ ತಿಳಿಯುತ್ತದೆ. ಟ್ರೇಲರಿನ ಮೂತಿ ಹಿಚ್‌ನ ಮೇಲೆ ಒತ್ತುವ ಭಾರವನ್ನೂ ಮರೆಯಬಾರದು. ಉತ್ತರ ಅಮೆರಿಕದಲ್ಲಿ ಅದು ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕೆನ್ನುತ್ತಾರೆ. ಯೂರೋಪಿನ ಕಾರುಗಳಿಗೆ ತಯಾರಕರೇ ಕಿಲೋ ಲೆಕ್ಕದಲ್ಲಿ ಇದಕ್ಕಿಂತ ಕಡಿಮೆಯ ಮಿತಿ ಹಾಕಿರುವುದುಂಟು. ಈ ಭಾರ ತೀರಾ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರು ಎಡಬಲಕ್ಕೆ ಹೊಯ್ದಾಡತೊಡಗುತ್ತದೆ. ಆದ್ದರಿಂದ ಭಾರದ ಸಾಮಾನು ಗಾಲಿಗಳ ನೇರದಲ್ಲಿ ಅಥವಾ ತುಸು ಮುಂದೆ, ನೆಲಕ್ಕೆ ಹತ್ತಿರವಾಗಿ ಇರಬೇಕು. ಮೂತಿಯ ಭಾರವು ಕಾರು ಹೊರಬಲ್ಲ ಭಾರದಲ್ಲಿಯೇ ಲೆಕ್ಕಕ್ಕೆ ಬರುತ್ತದೆ. ನಾಲ್ವರು ಕುಳಿತು ಡಿಕ್ಕಿಯೂ ತುಂಬಿದ ಕಾರಿಗೆ ಇನ್ನೊಂದು ನೂರು ಕಿಲೋ ಹೇರಬಹುದೇ ಎಂದು ನೋಡಿಕೊಳ್ಳಿ. ಬ್ರೇಕ್ ವಿಷಯದಲ್ಲಿ ಆಯಾ ದೇಶದ ನಿಯಮ ಬೇರೆಬೇರೆ: ಯೂರೋಪಿನ ಒಕ್ಕೂಟದಲ್ಲಿ ಗರಿಷ್ಠ ತೂಕ 750 ಕಿಲೋ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು. ನಿಯಮ ಬಿಡಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಬ್ರೇಕ್ ಇಲ್ಲದ ಭಾರಿ ಗಾಡಿಯನ್ನು ಮುಟ್ಟದಿರುವುದೇ ಒಳ್ಳೆಯದು.

ಎರಡನೆಯ ಸಂಗತಿಯನ್ನು ನಾನು ಕಲಿತದ್ದು ತಡವಾಗಿ. ನಾವು ಮೊದಲ ಕ್ಯಾಂಪರ್ ನೋಡಲು ಹೋದಾಗ ಮಾರುವವರು ಅದನ್ನು ಮೊದಲೇ ಬಿಚ್ಚಿ, ದಿಂಬುಗಳನ್ನು ಜೋಡಿಸಿ, ದೀಪ ಹಚ್ಚಿಟ್ಟಿದ್ದರು. ನಾವು ಒಳಗೆ ಹತ್ತಿ, ಮಕ್ಕಳು ಹಾಸಿಗೆಯ ಮೇಲೆ ಉರುಳಾಡಿ, ಅರ್ಧ ಗಂಟೆಯಲ್ಲಿ ಮನಸ್ಸು ಮಾಡಿಬಿಟ್ಟೆವು. ಅದನ್ನು ಮಡಚುವುದು ಹೇಗೆಂದು ನಮಗೆ ತಿಳಿದದ್ದು ಮೊದಲ ಪ್ರವಾಸದ ಕೊನೆಯ ಬೆಳಿಗ್ಗೆ, ತುಂತುರು ಮಳೆಯಲ್ಲಿ. ನಾನು ಚಾವಣಿ ಇಳಿಸುವ ಹಿಡಿಕೆ ತಿರುಗಿಸುತ್ತಿದ್ದೆ. ಒಳಕ್ಕೆ ತಳ್ಳಬೇಕಾಗಿದ್ದ ಕ್ಯಾನ್ವಾಸಿನ ಒಂದು ಮೂಲೆ ಚಾವಣಿಯ ಅಂಚಿಗೂ ಪೆಟ್ಟಿಗೆಯ ಅಂಚಿಗೂ ನಡುವೆ ಸಿಕ್ಕಿಕೊಂಡಿತ್ತು. ಹಿಡಿಕೆ ಬಿಗಿಯಾದದ್ದು ಕೈಗೆ ಗೊತ್ತಾದರೂ ಮಳೆಯ ಅವಸರದಲ್ಲಿ ಇನ್ನೊಂದು ಸುತ್ತು ತಿರುಗಿಸಿದೆ. ಎರಡು ಬೆರಳಗಲ ಹರಿಯಿತು. ಆ ತೇಪೆ ಕೊನೆಯವರೆಗೂ ನಮ್ಮ ಹಾಸಿಗೆಯ ತಲೆಯ ಬಳಿಯೇ ಇತ್ತು.

ಆದ್ದರಿಂದ ನೋಡಲು ಹೋಗುವ ದಿನ ಮನೆಯವರೆಲ್ಲರೂ ಹೋಗಿ, ಗಾಡಿಯನ್ನು ಮಡಚಿದ ಸ್ಥಿತಿಯಲ್ಲೇ ಇಟ್ಟಿರಲು ಮೊದಲೇ ಹೇಳಿ. ಮಾರುವವರು ಒಮ್ಮೆ ತೋರಿಸಲಿ, ಆಮೇಲೆ ಅವರು ದೂರ ನಿಲ್ಲಲಿ, ನೀವೇ ಮಾಡಿ. ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟ ಮೇಲೆಯೇ ಹಿಚ್ ಬಿಡಿಸಬೇಕು. ಗಾಡಿಯನ್ನು ಮಟ್ಟ ಮಾಡಿ, ನಾಲ್ಕು ಮೂಲೆಯ ಜ್ಯಾಕ್‌ಗಳನ್ನು ಇಳಿಸಬೇಕು. ಈ ಜ್ಯಾಕ್‌ಗಳು ಗಾಡಿ ಅಲುಗಾಡದಿರಲು ಮಾತ್ರ, ಎತ್ತಿ ಮಟ್ಟ ಮಾಡಲು ಅಲ್ಲ. ಬಳಿಕ ಚಾವಣಿಯ ಕೊಂಡಿಗಳನ್ನು ಬಿಚ್ಚಿ, ಹಿಡಿಕೆ ತಿರುಗಿಸಿ ಚಾವಣಿ ಏರಿಸಿ, ಹಾಸಿಗೆಗಳನ್ನು ಎಳೆದು ಅವುಗಳ ಕೆಳಗೆ ಊರೆಗೋಲು ಕೊಟ್ಟು, ಬಾಗಿಲು ಕೂರಿಸಿ, ಕ್ಯಾನ್ವಾಸಿನ ಅಂಚು ಬಿಗಿಯಬೇಕು. ಮನೆಯಲ್ಲಿ ಎಲ್ಲರಿಗಿಂತ ಕುಳ್ಳಗಿರುವ ವಯಸ್ಕರಿಗೆ ಆ ಹಿಡಿಕೆ ಕೊನೆಯ ಸುತ್ತಿನವರೆಗೂ ತಿರುಗುತ್ತದೆಯೇ, ಒಬ್ಬರೇ ಹಾಸಿಗೆ ಎಳೆಯಬಹುದೇ ಎಂದು ನೋಡಿ. ಏಕೆಂದರೆ ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ನಿಂತಿರುವ ಸಂಜೆಗಳೇ ಹೆಚ್ಚು. ವಿದ್ಯುತ್ ಮೋಟಾರಿನಿಂದ ಏಳುವ ಚಾವಣಿಯಾದರೆ ಬ್ಯಾಟರಿ ಸತ್ತ ದಿನ ಕೈಯಿಂದ ಎತ್ತುವುದು ಹೇಗೆಂದು ಅಲ್ಲಿಯೇ ಮಾಡಿಸಿ ನೋಡಿ.

ಮಡಚುವಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಮಡಚಿದ ಸ್ಥಿತಿಯಲ್ಲಿ ಒಳಗೆ ಏನೇನು ಇಡಬಹುದು? ಕೆಲವು ಗಾಡಿಗಳಲ್ಲಿ ಹೊದಿಕೆ ದಿಂಬುಗಳನ್ನು ಹಾಸಿಗೆಯ ಮೇಲೆಯೇ ಬಿಟ್ಟು ಮುಚ್ಚಬಹುದು, ಕೆಲವುಗಳಲ್ಲಿ ಒಂದು ತೆಳು ಹೊದಿಕೆಗೂ ಎಡೆಯಿಲ್ಲ. ದಾರಿಯಲ್ಲಿ ನಿಲ್ಲಿಸಿದಾಗ ಫ್ರಿಜ್ಜಿನ ಬಾಗಿಲಿಗಾಗಲಿ ಪುಟ್ಟ ಶೌಚದ ಡಬ್ಬಿಗಾಗಲಿ ಕೈ ಎಟುಕುತ್ತದೆಯೇ ಎಂಬುದೂ ಮಕ್ಕಳಿರುವವರಿಗೆ ಸಣ್ಣ ವಿಷಯವಲ್ಲ.

ಮಲಗುವ ವ್ಯವಸ್ಥೆಯಲ್ಲಿ ‘ಆರು ಜನ ಮಲಗಬಹುದು’ ಎಂಬ ಮಾತನ್ನು ಇಬ್ಬರು ದೊಡ್ಡವರು, ನಾಲ್ವರು ಚಿಕ್ಕ ಮಕ್ಕಳು ಎಂದು ಓದಿಕೊಳ್ಳಬೇಕು. ಸಾಮಾನ್ಯವಾಗಿ ಎರಡು ತುದಿಗಳ ಹಾಸಿಗೆಗಳೇ ನಿಜವಾದವು. ಮೂರನೆಯದು ಊಟದ ಮೇಜನ್ನು ಇಳಿಸಿ ಮಾಡಿಕೊಳ್ಳುವಂಥದ್ದು. ಹಾಗಾದರೆ ಮಲಗಿದವರು ಏಳುವವರೆಗೆ ಕೂರಲು ಜಾಗವಿಲ್ಲ, ಮಳೆಯ ದಿನ ಅದು ಜಗಳಕ್ಕೆ ಮೂಲ. ಆದ್ದರಿಂದ ರಾತ್ರಿಯ ಲೆಕ್ಕವನ್ನಷ್ಟೇ ಮಾಡದೆ, ಇಡೀ ದಿನ ಮಳೆ ಹಿಡಿದರೆ ಎಲ್ಲರೂ ಒಟ್ಟಿಗೆ ಮೇಜಿನ ಸುತ್ತ ಕೂರಬಹುದೇ ಎಂದು ಅಂಗಡಿಯಲ್ಲಿಯೇ ಹದಿನೈದು ನಿಮಿಷ ಕುಳಿತು ನೋಡಿ. ಪ್ರತಿ ಹಾಸಿಗೆಗೂ ತೂಕದ ಮಿತಿ ಇರುತ್ತದೆ, ಅದರ ಚೀಟಿಯನ್ನು ಹುಡುಕಿ ಓದಿ. ನಡುರಾತ್ರಿ ಚಿಕ್ಕ ಮಗು ಯಾರ ಮೇಲೂ ಹಾಯದೆ ಕೆಳಗಿಳಿಯಬಲ್ಲದೇ ಎಂಬುದನ್ನು ಮಗುವಿನಿಂದಲೇ ಮಾಡಿಸಿ ನೋಡುವುದು ಉತ್ತಮ.

ಕ್ಯಾನ್ವಾಸ್ ಗೋಡೆಯ ಗುಣವೂ ದೋಷವೂ ಒಂದೇ: ಹೊರಗಿನದೆಲ್ಲ ಒಳಗೆ ಬರುತ್ತದೆ. ಗಾಳಿ, ಬೆಳಕು, ಪಕ್ಕದವರ ಮಾತು, ಚಳಿ ಎಲ್ಲವೂ. ಇದು ಬೇಡವೆನ್ನುವವರಿಗೆ ಗಟ್ಟಿ ಹಲಗೆಗಳು ತ್ರಿಕೋನವಾಗಿ ನಿಲ್ಲುವ ಎ-ಫ್ರೇಮ್ ಮಾದರಿಗಳಿವೆ. ಕೆಲವೇ ನಿಮಿಷದಲ್ಲಿ ಏಳುತ್ತವೆ, ಆದರೆ ಅವು ಹೆಚ್ಚಾಗಿ ಇಬ್ಬರು ಮೂವರಿಗೆ ಸಾಕಾಗುವಂಥವು. ಕರಡಿಗಳಿರುವ ಸೀಮೆಗೆ ಹೋಗುವ ಯೋಚನೆಯಿದ್ದರೆ ಶಿಬಿರತಾಣದ ನಿಯಮವನ್ನು ಮೊದಲೇ ನೋಡಬೇಕು: ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಎಂಬ ಶಿಬಿರತಾಣದಲ್ಲಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಅವಕಾಶ, ಕ್ಯಾನ್ವಾಸಿನವುಗಳಿಗಿಲ್ಲ.

ಒಲೆ, ಸಿಂಕುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಗಾಡಿಗೆ ಸರಳವಾದಷ್ಟೂ ಒಳ್ಳೆಯದು. ಗ್ಯಾಸಿನಿಂದಲೂ ನಡೆಯುವ ಫ್ರಿಜ್ ಇದ್ದರೆ ಗಾಡಿ ಮಟ್ಟವಾಗಿ ನಿಂತಾಗ ಮಾತ್ರ ಅದು ಸರಿಯಾಗಿ ತಂಪು ಮಾಡುತ್ತದೆ. ಬ್ಯಾಟರಿಯ ವಿಷಯದಲ್ಲಿ, 100 ಆಂಪಿಯರ್-ಗಂಟೆಯ ಸೀಸ-ಆಮ್ಲದ ಬ್ಯಾಟರಿಯಿಂದ ಅದರ ಆಯುಷ್ಯಕ್ಕೆ ಧಕ್ಕೆಯಾಗದಂತೆ ತೆಗೆಯಬಹುದಾದದ್ದು ಅರ್ಧ ಮಾತ್ರ. ದೀಪ, ನೀರಿನ ಪಂಪು, ಹೀಟರಿನ ಫ್ಯಾನಿಗೆ ಅದು ಒಂದೆರಡು ರಾತ್ರಿ ಸಾಕಾದೀತು, ಎ.ಸಿ.ಗೆ ಹೊರಗಿನ ವಿದ್ಯುತ್ತೇ ಬೇಕು. ಆದರೆ ಸುರಕ್ಷತೆಯ ವಿಷಯದಲ್ಲಿ ಸರಳತೆ ಸಲ್ಲದು. ಪ್ರೋಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ತಂಗುತ್ತದೆ. ಆದ್ದರಿಂದ ಅದರ ಅಲಾರಂ ನೆಲಕ್ಕೆ ಹತ್ತಿರ ಇರಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬೇರೆ ಅಲಾರಂ, ಬಾಗಿಲ ಬಳಿ ಬೆಂಕಿ ನಂದಿಸುವ ಸಿಲಿಂಡರು ಇರಲೇಬೇಕು. ಹಳೆಯ ಗಾಡಿಯಾದರೆ ಅಲಾರಂಗಳ ಮೇಲಿನ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಹೊಸದು ಹಾಕಿಸಿ. ಚಳಿಯೆಂದು ಅಡುಗೆಯ ಒಲೆ ಹಚ್ಚಿಟ್ಟು ಮಲಗುವುದಾಗಲಿ, ಇದ್ದಿಲ ಒಲೆಯನ್ನು ಒಳಗೆ ತರುವುದಾಗಲಿ ಪ್ರಾಣಕ್ಕೇ ಕುತ್ತು.

ಬಳಸಿದ ಗಾಡಿ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮೊದಲನೆಯದಕ್ಕೆ ಅದೇ ಬುದ್ಧಿವಂತಿಕೆ ಎಂದೂ ಹೇಳಬಹುದು, ಪರೀಕ್ಷೆಗೆ ಬಿಡುವು ಕೊಟ್ಟರೆ. ಚಾವಣಿ ಏರಿಸಿದ ಕೂಡಲೇ ಮೊದಲು ಬಳಸಬೇಕಾದದ್ದು ಮೂಗು. ಮುಗ್ಗಲು ವಾಸನೆ ಬಂದರೆ ಎಲ್ಲೋ ನೀರು ಇಳಿದಿದೆ. ವಾಸನೆ ಹೊಡೆಯದಂತೆ ಸುಗಂಧ ಸಿಂಪಡಿಸಿದ್ದರೆ ಅನುಮಾನ ಇಮ್ಮಡಿಸಲಿ. ಬಳಿಕ ಚಪ್ಪಲಿ ಬಿಟ್ಟು ಒಳಗೆ ನಿಧಾನವಾಗಿ ನಡೆಯಿರಿ, ಬಾಗಿಲ ಬಳಿ ಮತ್ತು ಮೂಲೆಗಳಲ್ಲಿ ಹಿಮ್ಮಡಿಯಿಂದ ಒತ್ತಿ ನೋಡಿ. ಗಟ್ಟಿ ಪ್ಲೈವುಡ್ಡು ಕಾಲಿಗೆ ಉತ್ತರ ಕೊಡುತ್ತದೆ, ಕೊಳೆತದ್ದು ನೆನೆದ ರಟ್ಟಿನಂತೆ ಕುಸಿಯುತ್ತದೆ. ಚಾವಣಿಯ ಒಳಗಿನ ಮೂಲೆಗಳಲ್ಲಿ ಕಂದು ಬಣ್ಣದ ಕಲೆಯಿದ್ದರೆ ಅಲ್ಲಿ ಬೆರಳಿನಿಂದ ಒತ್ತಿ. ಬಾಗಿಲು ಕಿಟಕಿಗಳನ್ನು ಮುಚ್ಚಿ ಒಳಗೆ ನಿಂತರೆ ಕ್ಯಾನ್ವಾಸಿನ ಸೂಜಿತೂತುಗಳಲ್ಲಿ ಹಗಲು ಬೆಳಕು ಚುಕ್ಕಿಗಳಾಗಿ ಕಾಣುತ್ತದೆ. ಒಂದೆರಡನ್ನು ಮುಚ್ಚಬಹುದು, ಹೊಲಿಗೆಯುದ್ದಕ್ಕೂ ಸಾಲಾಗಿದ್ದರೆ ಬಟ್ಟೆಯ ಕಾಲ ಮುಗಿದಿದೆ. ಪೂರ್ತಿ ಕ್ಯಾನ್ವಾಸ್ ಬದಲಾಯಿಸುವ ಖರ್ಚು ಹಳೆಯ ಗಾಡಿಯ ಬೆಲೆಯನ್ನೇ ಮೀರಬಹುದು, ಚೌಕಾಸಿಗೆ ಇಳಿಯುವ ಮೊದಲೇ ಅದನ್ನು ವಿಚಾರಿಸಿಕೊಂಡಿರಿ.

ಚಾವಣಿ ನಾಲ್ಕೂ ಮೂಲೆಗಳಲ್ಲಿ ಸಮನಾಗಿ ಏಳಬೇಕು. ಒಂದು ಮೂಲೆ ಹಿಂದೆ ಬಿದ್ದರೆ ಅದನ್ನು ಎತ್ತುವ ಕೇಬಲ್ ಸಡಿಲಗೊಂಡಿದೆ ಅಥವಾ ಎಳೆಎಳೆಯಾಗಿ ಬಿಚ್ಚಿದೆ. ಟೈರಿನ ಪಟ್ಟದ ಹೊಳಪು ನೋಡಿ ಮೋಸಹೋಗಬೇಡಿ, ಟ್ರೇಲರಿನ ಟೈರುಗಳು ಸವೆಯುವುದಕ್ಕಿಂತ ಮೊದಲು ವಯಸ್ಸಾಗಿ ಸಾಯುತ್ತವೆ. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿರುವ DOT ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ, ವರ್ಷವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ ಇಪ್ಪತ್ಮೂರನೆಯ ವಾರ. ಐದಾರು ವರ್ಷ ದಾಟಿದ್ದರೆ ಹೊಸ ಟೈರಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸ್ವಲ್ಪ ದೂರ ಎಳೆದುಕೊಂಡು ಹೋಗಿ ನಿಲ್ಲಿಸಿ, ಗಾಲಿಯ ನಡುಭಾಗದ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗಿನ ಗ್ರೀಸು ಒಣಗಿದೆ ಅಥವಾ ಬ್ರೇಕು ಹಿಡಿದುಕೊಂಡಿದೆ. ಮಾರುವವರು ಒಪ್ಪಿದರೆ ಚಾವಣಿಯ ಮೇಲೆ ಪೈಪಿನಿಂದ ನೀರು ಬಿಟ್ಟು ಇಪ್ಪತ್ತು ನಿಮಿಷ ಒಳಗೆ ಕುಳಿತುಕೊಳ್ಳಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಕಡೆಯದಾಗಿ ಜಾಗ. ಮಡಚಿದ ಗಾಡಿ ತಗ್ಗಾದ ಗ್ಯಾರೇಜಿನಲ್ಲಿಯೂ ಹಿಡಿಸಬಹುದು, ಹೀಗೆ ಸೇರುವ ಗಾಡಿ ಬೇರೆ ವಿಧಗಳಲ್ಲಿ ಅಪರೂಪ. ಆದರೆ ಮೂರು ಮೀಟರ್ ಉದ್ದದ ಪೆಟ್ಟಿಗೆ ಬಿಚ್ಚಿದಾಗ ಆರು ಮೀಟರಿನ ಹತ್ತಿರ ಹೋಗುತ್ತದೆ, ಮತ್ತು ಮಳೆಯಲ್ಲಿ ಮಡಚಿ ತಂದ ಕ್ಯಾನ್ವಾಸನ್ನು ಒಂದೆರಡು ದಿನದೊಳಗೆ ಬಿಚ್ಚಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಆ ಕಪ್ಪು ಚುಕ್ಕಿಗಳು ಒಮ್ಮೆ ಕೂತರೆ ಪೂರ್ತಿ ಹೋಗುವುದಿಲ್ಲ. ಅಂದರೆ ನಿಲ್ಲಿಸಲು ಒಂದು ಜಾಗ, ಬಿಚ್ಚಿ ಒಣಗಿಸಲು ಇನ್ನೊಂದು ಜಾಗ, ಎರಡೂ ಬೇಕು. ಎರಡನೆಯದು ಇಲ್ಲದವರು ಕೊಳ್ಳುವ ಬದಲು ಬಾಡಿಗೆಗೆ ತೆಗೆದುಕೊಳ್ಳುವುದು ಲೇಸು. ಇರುವವರೂ ಸಾಧ್ಯವಾದರೆ ಒಂದು ವಾರಾಂತ್ಯ ಬಾಡಿಗೆಯ ಗಾಡಿಯಲ್ಲಿ ಕಳೆದು ಆಮೇಲೆ ಕೊಳ್ಳಲಿ.

ಕೊಂಡಾದ ಮೇಲೆ ಮೊದಲ ರಾತ್ರಿಯನ್ನು ಮನೆಯ ಅಂಗಳದಲ್ಲೋ ಹತ್ತಿರದ ಶಿಬಿರತಾಣದಲ್ಲೋ ಕಳೆಯಿರಿ, ಮರೆತ ವಸ್ತುಗಳ ಪಟ್ಟಿ ಅಲ್ಲಿಯೇ ತಯಾರಾಗುತ್ತದೆ. ಅವುಗಳನ್ನೂ ಸೇರಿಸಿ, ದೂರದ ಪ್ರವಾಸಕ್ಕೆ ತುಂಬುವಂತೆಯೇ ಪೂರ್ತಿ ತುಂಬಿ, ಗಾಡಿಯನ್ನು ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ. ಬಂದ ಅಂಕಿಯನ್ನು ಬೀರುವಿನ ಬಾಗಿಲ ಒಳಬದಿಯಲ್ಲಿ, ಗರಿಷ್ಠ ಮಿತಿಯ ಪಕ್ಕದಲ್ಲಿಯೇ ಬರೆದಿಡಿ.